ನಾಯಿಮರಿಗೆ ಯಾವ ಲಸಿಕೆ, ಯಾವಾಗ, ಎಲ್ಲಿ ಹಾಕಿಸುವುದು?

ನಮ್ಮ ನಾಯಿಮರಿ ಕರಿಯ, ನೀರಿನ ಬಟ್ಟಲ ಮುಂದೆ ನಿಂತಿದ್ದ. ಮೂತಿ ನೀರಿಗೆ ತಾಗುವಷ್ಟು ಹತ್ತಿರ. ಆದರೆ ಕುಡಿಯುತ್ತಿರಲಿಲ್ಲ. ಬಾಯಾರಿಕೆ ಇತ್ತು, ಹೊಟ್ಟೆ ಬೇಡ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಹಳದಿ ನೊರೆ ವಾಂತಿ ಮಾಡಿದ. ಮಾರನೇ ಬೆಳಿಗ್ಗೆ ರಕ್ತ ಬೆರೆತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಅದು ಪಾರ್ವೊ, ಮರಿಗಳ ಕರುಳಿಗೆ ಬರುವ ವೈರಸ್ ರೋಗ. ಮೂರು ದಿನ ಡ್ರಿಪ್ ಹಾಕಿಸಿದೆವು. ನಾಲ್ಕನೇ ದಿನ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ. ಮೂರು ತಿಂಗಳು ತುಂಬಿ ಇನ್ನೂ ಒಂದು ವಾರ ಆಗಿರಲಿಲ್ಲ.

ಅವನಿಗೆ ಇಂಜೆಕ್ಷನ್ ಆಗಿದೆ ಎಂದೇ ನಾವು ನೆಮ್ಮದಿಯಾಗಿದ್ದೆವು. ಆಗಿತ್ತು ಕೂಡ, 45ನೇ ದಿನಕ್ಕೆ ಒಂದು. ಮರಿ ಕೊಟ್ಟವರು ಕಾರ್ಡನ್ನು ಕೈಗಿಟ್ಟು "ಲಸಿಕೆ ಎಲ್ಲಾ ಆಗಿದೆ" ಎಂದಿದ್ದರು. ಕಾರ್ಡಿನಲ್ಲಿ ಮುಂದಿನ ತಾರೀಖಿನ ಜಾಗ ಖಾಲಿ ಇತ್ತು. ನಾವೂ ಕೇಳಲಿಲ್ಲ.

ಈಗ ಯಾರಾದರೂ ಹೊಸ ಮರಿ ತಂದು "ಯಾವ ಕಂಪನಿಯ ಲಸಿಕೆ ಒಳ್ಳೆಯದು?" ಎಂದು ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಮರಿಗೆ 16 ವಾರ ಯಾವತ್ತು ತುಂಬುತ್ತದೆ? ಕಂಪನಿ, ಸೆವೆನ್ ಇನ್ ಒನ್ನೋ ನೈನ್ ಇನ್ ಒನ್ನೋ, ಸರ್ಕಾರಿ ಆಸ್ಪತ್ರೆಯೋ ಖಾಸಗಿ ಕ್ಲಿನಿಕ್ಕೋ, ಇವೆಲ್ಲ ಆಮೇಲಿನ ಮಾತು. ಒಂದೊಂದಾಗಿ ಹೋಲಿಸಿ ನೋಡೋಣ.

ಬೇಗ ಮುಗಿಸುವುದೋ, 16 ವಾರದವರೆಗೆ ಹಾಕಿಸುವುದೋ

ಹಸು ಕರು ಹಾಕಿದಾಗ ಮೊದಲು ಬರುವ ಹಾಲಿಗೆ ಗಿಣ್ಣು ಅನ್ನುತ್ತೇವೆ ಅಲ್ವಾ? ನಾಯಿಯಲ್ಲೂ ಹಾಗೇ ಮೊದಲ ಹಾಲು ಬರುತ್ತದೆ. ರೋಗದ ವಿರುದ್ಧ ತಾಯಿಗೆ ಇರುವ ಶಕ್ತಿ ಆ ಹಾಲಿನ ಮೂಲಕ ಮರಿಗೆ ಸಿಗುತ್ತದೆ. ಕೆಲವು ವಾರ ಅದೇ ಮರಿಯನ್ನು ಕಾಯುತ್ತದೆ. ತೊಂದರೆ ಏನೆಂದರೆ, ಆ ಶಕ್ತಿಗೆ ನಿಜವಾದ ವೈರಸ್ಸೂ ಲಸಿಕೆಯಲ್ಲಿರುವ ದುರ್ಬಲ ವೈರಸ್ಸೂ ಒಂದೇ. ಎರಡನ್ನೂ ಹೊಡೆದುಹಾಕುತ್ತದೆ. ಲಸಿಕೆ ಕೊಟ್ಟರೂ ಮರಿಯ ಮೈ ಅದರಿಂದ ಏನೂ ಕಲಿಯುವುದಿಲ್ಲ.

ಈ ಶಕ್ತಿ ಒಂದು ಮರಿಯಲ್ಲಿ 8 ವಾರಕ್ಕೇ ಇಳಿದಿರಬಹುದು. ಅದರ ಒಡಹುಟ್ಟಿದ ಇನ್ನೊಂದು ಮರಿಯಲ್ಲಿ 14 ವಾರದವರೆಗೂ ಉಳಿದಿರಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಡೋಸ್ ಕೊಡುತ್ತಾರೆ. ಅದರಲ್ಲಿ ಯಾವುದಾದರೂ ಒಂದು ಸರಿಯಾದ ಹೊತ್ತಿಗೆ ಬೀಳಲಿ ಎಂದು.

ಇನ್ನೂ ಒಂದು ಅಪಾಯವಿದೆ. ತಾಯಿಯ ಶಕ್ತಿ ಇಳಿಯುತ್ತಾ ಇಳಿಯುತ್ತಾ ಒಂದು ಹಂತಕ್ಕೆ ಬರುತ್ತದೆ. ಬೀದಿಯ ವೈರಸ್ಸನ್ನು ತಡೆಯಲು ಸಾಲದು, ಆದರೆ ಲಸಿಕೆಯನ್ನು ಕೆಡಿಸಲು ಸಾಕು. ಮರಿಗಳು ಪಾರ್ವೊಗೆ ಸಿಕ್ಕಿಬೀಳುವುದು ಹೆಚ್ಚಾಗಿ ಈ ದಿನಗಳಲ್ಲಿ. ಕರಿಯನಿಗೆ ಆದದ್ದೂ ಇದೇ ಇರಬೇಕು.

ಹೀಗಾಗಿ ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು, 45 ದಿನಕ್ಕೆ ಶುರು ಮಾಡಿ, ಮೂರು ವಾರ ಬಿಟ್ಟು ಇನ್ನೊಂದು ಹಾಕಿಸಿ, ಹತ್ತು ವಾರದೊಳಗೆ ಮುಗಿಸುವುದು. ಇದು ಸುಲಭ, ಖರ್ಚು ಕಡಿಮೆ, ಮರಿ ಮಾರುವವರಿಗೂ ಅನುಕೂಲ. ಇನ್ನೊಂದು, 6ರಿಂದ 8 ವಾರದ ನಡುವೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ ಕೊಡಿಸುತ್ತಾ, ಕೊನೆಯ ಡೋಸ್ 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳುವುದು. ಜಗತ್ತಿನ ಸಾಕುಪ್ರಾಣಿ ವೈದ್ಯರ ಸಂಘ ಡಬ್ಲ್ಯೂಎಸ್‌ಎವಿಎ ಹೇಳುವುದು ಎರಡನೆಯದನ್ನು. 8, 12, 16 ವಾರ ಎಂದು ಲೆಕ್ಕ ಹಾಕಿಕೊಂಡರೆ ಮೂರು ಸಲ ಹೋದರೆ ಸಾಕು. 6 ವಾರಕ್ಕೇ ಶುರು ಮಾಡಿದರೆ ನಾಲ್ಕು ಸಲ ಆಗುತ್ತದೆ. ಬೀದಿ ನಾಯಿಗಳು ಓಡಾಡುವ ಜಾಗ, ಪಕ್ಕದ ಮನೆಯಲ್ಲಿ ಪಾರ್ವೊ ಬಂದಿದೆ ಅಂತಾದರೆ 6 ವಾರಕ್ಕೇ ಶುರು ಮಾಡುವುದು ಒಳ್ಳೆಯದು. ಆ ವಯಸ್ಸಿಗೆಂದೇ ಪಾರ್ವೊ ಮತ್ತು ಡಿಸ್ಟೆಂಪರ್ (ಉಸಿರಾಟಕ್ಕೂ ನರಕ್ಕೂ ಪೆಟ್ಟು ಕೊಡುವ ಇನ್ನೊಂದು ವೈರಸ್ ರೋಗ) ಎರಡೇ ಇರುವ 'ಪಪ್ಪಿ ಡಿಪಿ' ಲಸಿಕೆ ಸಿಗುತ್ತದೆ.

ದುಡ್ಡಿಗೆ ನಿಜವಾಗಿ ಕಷ್ಟ, ಒಂದೇ ಡೋಸ್ ಹಾಕಿಸಲು ಸಾಧ್ಯ ಅನ್ನುವವರೂ ಇರುತ್ತಾರೆ. ಅಂಥವರು ಅದನ್ನು 45 ದಿನಕ್ಕೆ ಖರ್ಚು ಮಾಡಬೇಡಿ. 16 ವಾರ ತುಂಬಿದ ಮೇಲೆ ಹಾಕಿಸಿ. ಅಲ್ಲಿಯವರೆಗೆ ಮರಿಯನ್ನು ಅಂಗಳದಾಚೆ ಬಿಡಬೇಡಿ.

ಹೆಸರಿನ ಮುಂದಿನ ಸಂಖ್ಯೆ ಏನು ಹೇಳುತ್ತದೆ

ಸೆವೆನ್ ಇನ್ ಒನ್, ನೈನ್ ಇನ್ ಒನ್, ಟೆನ್ ಇನ್ ಒನ್. ಸಂಖ್ಯೆ ದೊಡ್ಡದಾದಷ್ಟೂ ರಕ್ಷಣೆ ಜಾಸ್ತಿ ಅನಿಸುವುದು ಸಹಜ. ಲೆಕ್ಕ ಹಾಗಿಲ್ಲ. ಬೇಕೇಬೇಕಾದ ವೈರಸ್‌ಗಳು ಮೂರು: ಪಾರ್ವೊ, ಡಿಸ್ಟೆಂಪರ್, ಅಡಿನೊ. ಅಡಿನೊ ಅಂದರೆ ಲಿವರ್ ಕೆಡಿಸುವ ರೋಗ. ಲಸಿಕೆಯಲ್ಲಿರುವುದು ಅಡಿನೊ 2ನೇ ಬಗೆ. ಅದು 1ನೇ ಬಗೆಯಿಂದಲೂ ಕಾಯುತ್ತದೆ. ಹಾಗಾಗಿ ಕೆಲವರು ಅದನ್ನೇ ಎರಡು ಎಂದು ಎಣಿಸುತ್ತಾರೆ. ಇದರ ಜೊತೆ ಕೆಮ್ಮಿನ ಪ್ಯಾರಾಇನ್ಫ್ಲುಯೆಂಜಾ ಸೇರುತ್ತದೆ. ಆಮೇಲೆ ಲೆಪ್ಟೊಸ್ಪೈರಾ, ಅಂದರೆ ನಮ್ಮ ಇಲಿ ಜ್ವರ. ಅದರಲ್ಲಿ ಎರಡು ಬಗೆ ಇದ್ದರೆ ಎರಡು, ನಾಲ್ಕು ಬಗೆ ಇದ್ದರೆ ನಾಲ್ಕು ಎಂದು ಎಣಿಸುತ್ತಾರೆ. ಏಳು ಒಂಬತ್ತಾಗುವುದು ಹೆಚ್ಚಾಗಿ ಇಲ್ಲಿಯೇ.

ಒಂಬತ್ತು ಹತ್ತಾಗುವುದು ನಾಯಿ ಕೊರೊನಾ ಸೇರಿದಾಗ. ಇದಕ್ಕೂ ಕೋವಿಡ್‌ಗೂ ಸಂಬಂಧವಿಲ್ಲ. ತೀರಾ ಎಳೆಯ ಮರಿಗಳಿಗೆ ಬರುವ ಸಣ್ಣ ಭೇದಿ ಅಷ್ಟೇ. ಈ ಲಸಿಕೆಯನ್ನು ಡಬ್ಲ್ಯೂಎಸ್‌ಎವಿಎ ಶಿಫಾರಸು ಮಾಡುವುದಿಲ್ಲ. ಅದು ಇದ್ದರೆ ಕೆಟ್ಟದ್ದೇನಿಲ್ಲ. ಆದರೆ ಅದಕ್ಕೋಸ್ಕರ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ನಿಜವಾಗಿ ಯೋಚಿಸಬೇಕಾದ ಆಯ್ಕೆ ಲೆಪ್ಟೊ ಬೇಕೋ ಬೇಡವೋ ಅನ್ನುವುದು. ನನ್ನ ಉತ್ತರ, ಕರ್ನಾಟಕದಲ್ಲಿ ಇದ್ದರೆ ಬೇಕು. ಇಲಿಯ ಮೂತ್ರ ಬಿದ್ದ ನೀರು, ಕೆಸರು, ಗದ್ದೆ, ಚರಂಡಿಯಿಂದ ಇದು ಬರುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಹಿಡಿದರೆ ಅಂಗಳವೇ ಕೆಸರು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಬೇಸ್‌ಮೆಂಟಿನಲ್ಲಿ ಇಲಿ ಇದ್ದೇ ಇರುತ್ತದೆ. ನಾಯಿಗೆ ಬಂದರೆ ಲಿವರ್, ಕಿಡ್ನಿ ಎರಡಕ್ಕೂ ಪೆಟ್ಟು. ಅದರ ಮೂತ್ರದಿಂದ ಮನೆಯವರಿಗೂ ಹರಡಬಹುದು. ಎರಡು ಬಗೆ ಇರುವ ಲಸಿಕೆ, ನಾಲ್ಕು ಬಗೆ ಇರುವ ಲಸಿಕೆ ಎರಡೂ ಸಿಕ್ಕರೆ ನಾಲ್ಕರದ್ದನ್ನೇ ಆರಿಸಿ. ಸಂಖ್ಯೆಗೆ ಬೆಲೆ ಇರುವುದು ಇಲ್ಲಿ ಮಾತ್ರ. 8 ವಾರ ದಾಟಿದ ಮೇಲೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ಪ್ರತಿ ವರ್ಷ ಒಂದು. ಇದನ್ನು ವರ್ಷ ತಪ್ಪಿಸುವ ಹಾಗಿಲ್ಲ, ಇದರ ಶಕ್ತಿ ಹೆಚ್ಚು ದಿನ ನಿಲ್ಲುವುದಿಲ್ಲ. ಮಳೆ ಶುರುವಾಗುವ ಮೊದಲೇ ಹಾಕಿಸಿಕೊಂಡರೆ ಅನುಕೂಲ.

ಪಾರ್ವೊ, ಡಿಸ್ಟೆಂಪರ್ ಲೆಕ್ಕ ಬೇರೆ. 16 ವಾರದ ಡೋಸ್ ಆದ ಮೇಲೆ ಒಂದು ಬೂಸ್ಟರ್. ಹಿಂದೆ ಅದನ್ನು ವರ್ಷ ತುಂಬಿದಾಗ ಕೊಡುತ್ತಿದ್ದರು. ಈಗ 26 ವಾರಕ್ಕೇ, ಅಂದರೆ ಆರು ತಿಂಗಳಿಗೇ ಕೊಡಿ ಎನ್ನುತ್ತಾರೆ. 16 ವಾರದ್ದೂ ಹಿಡಿಯದೆ ಹೋಗಿದ್ದರೆ ಮರಿ ಎಂಟು ತಿಂಗಳು ಸುಮ್ನೆ ಅಪಾಯದಲ್ಲಿ ಇರಬೇಕಾಗುತ್ತದೆ ಎನ್ನುವುದು ಕಾರಣ. ಆಮೇಲೆ ಮೂರು ವರ್ಷಕ್ಕೊಮ್ಮೆ ಸಾಕು. ನಮ್ಮಲ್ಲಿ ಹಲವು ಡಾಕ್ಟರು ಇವನ್ನೂ ಪ್ರತಿ ವರ್ಷ ಕೊಡುತ್ತಾರೆ. ಅದರ ಬಗ್ಗೆ ಅವರನ್ನೇ ಧೈರ್ಯವಾಗಿ ಕೇಳಿ.

ಕೆನಲ್ ಕೆಮ್ಮಿನ ಲಸಿಕೆ ಎಲ್ಲರಿಗೂ ಬೇಡ. ನಾಯಿಯನ್ನು ಬೋರ್ಡಿಂಗಿನಲ್ಲಿ ಬಿಡುವವರು, ಟ್ರೈನಿಂಗಿಗೆ, ಶೋಗೆ ಕರೆದೊಯ್ಯುವವರು ಹಾಕಿಸಲಿ. ಮೂಗಿಗೆ ಹನಿ ಹಾಕುವ ಬಗೆ ಬೇಗ ಕೆಲಸ ಮಾಡುತ್ತದೆ.

ರೇಬೀಸ್

ಇಲ್ಲಿ ಆಯ್ಕೆಯೇ ಇಲ್ಲ. ಹುಚ್ಚುನಾಯಿ ರೋಗ ಬಂದ ಮೇಲೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ ಅಂತಲೇ ಹೇಳಬೇಕು. 12 ವಾರ ತುಂಬಿದ ಮೇಲೆ ಒಂದು ಡೋಸ್, ವರ್ಷಕ್ಕೆ ಇನ್ನೊಂದು, ಆಮೇಲೆ ಡಾಕ್ಟರು ಹೇಳಿದ ಹಾಗೆ. ನಮ್ಮಂಥ, ರೋಗ ಹೆಚ್ಚಾಗಿರುವ ಊರುಗಳಲ್ಲಿ ಮೊದಲ ಡೋಸಿನ 2ರಿಂದ 4 ವಾರಕ್ಕೆ ಇನ್ನೊಂದು ಕೊಡುವುದೂ ಉಂಟು. ಅದು ಒಳ್ಳೆಯದೇ.

ಉಚಿತವಾಗಿ ಹಾಕುವುದಕ್ಕೂ ದುಡ್ಡು ಕೊಟ್ಟು ಹಾಕಿಸುವುದಕ್ಕೂ ವ್ಯತ್ಯಾಸವಿದೆಯೇ ಎಂದು ತುಂಬಾ ಜನ ಕೇಳುತ್ತಾರೆ. ತಣ್ಣಗೆ ಇಟ್ಟ, ಅವಧಿ ಮೀರದ ಲಸಿಕೆಯಾದರೆ ಎರಡೂ ಒಂದೇ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು. ಆ ಹೊತ್ತಿಗೆ ಊರೂರಲ್ಲಿ ಉಚಿತ ಶಿಬಿರ ನಡೆಯುತ್ತವೆ. ನಿಮ್ಮ ಮರಿಗೆ ಇನ್ನೂ 12 ವಾರ ಆಗಿಲ್ಲ ಅಂದರೂ ಅಲ್ಲಿ ಹಾಕಿಸಬಹುದು. ಆದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ 12 ವಾರಕ್ಕೆ ಮತ್ತೆ ಹಾಕಿಸಿ.

ಮರಿ ಚಿಕ್ಕದು, ಹಲ್ಲು ತಾಗಿದರೆ ಏನೂ ಆಗುವುದಿಲ್ಲ ಎಂದು ಬಿಡಬೇಡಿ. ಬೀದಿಯಿಂದ ತಂದ ಮರಿಗೂ ರೇಬೀಸ್ ಇರಬಹುದು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, 15 ನಿಮಿಷ ನಾವಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚದೆ ಆಸ್ಪತ್ರೆಗೆ ಹೋಗಿ.

ಎಲ್ಲಿ ಹಾಕಿಸುವುದು

ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆ, ಖಾಸಗಿ ಕ್ಲಿನಿಕ್, ಮನೆಗೇ ಬರುವ ಡಾಕ್ಟರು, ಇಲ್ಲವೇ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಸುತ್ತಮುತ್ತ ಇರುವವರಿಗೆ ಕಾಲೇಜು ಆಸ್ಪತ್ರೆ ಒಂದು ದೊಡ್ಡ ಅನುಕೂಲ. ಪರೀಕ್ಷೆ ಮಾಡುವ ಸೌಲಭ್ಯವೂ ಇರುತ್ತದೆ, ಅನುಭವಿ ಡಾಕ್ಟರೂ ಇರುತ್ತಾರೆ.

ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಸಿಗುತ್ತದೆ. ಪಾರ್ವೊ, ಡಿಸ್ಟೆಂಪರ್ ಇರುವ ಲಸಿಕೆ ಎಲ್ಲ ಕಡೆ ಇರುವುದಿಲ್ಲ. ಮೆಡಿಕಲ್ ಶಾಪಿನಿಂದ ತನ್ನಿ ಎನ್ನುತ್ತಾರೆ. ಎಡವಟ್ಟು ಆಗುವುದು ಆಗ. ಈ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಬೈಕಿನ ಡಿಕ್ಕಿಯಲ್ಲಿಟ್ಟು, ಬಿಸಿಲಲ್ಲಿ ಸಾಲು ನಿಂತು ಹಾಕಿಸಿದರೆ ಮರಿಗೆ ಸೂಜಿಯ ನೋವಷ್ಟೇ ಉಳಿಯುತ್ತದೆ. ತರಲೇಬೇಕಾದರೆ ಫ್ಲಾಸ್ಕಿಗೆ ಐಸ್ ಹಾಕಿ. ಬಾಟಲಿ ಐಸಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಇಡಿ, ಹೆಪ್ಪುಗಟ್ಟಿದರೂ ಲಸಿಕೆ ಕೆಡುತ್ತದೆ.

ಮನೆಗೆ ಬರುವ ಡಾಕ್ಟರಿಂದ ಒಂದು ಲಾಭವಿದೆ. ಕ್ಲಿನಿಕ್ಕಿನ ನೆಲದಲ್ಲಿ ಕಾಯಿಲೆ ಬಿದ್ದ ನಾಯಿಗಳ ಜೊತೆ ಕೂರುವುದು ತಪ್ಪುತ್ತದೆ. ಅವರ ಹತ್ತಿರ ಐಸ್ ಬಾಕ್ಸ್ ಇದೆಯೇ ನೋಡಿ. ಕ್ಲಿನಿಕ್ಕಿಗೇ ಹೋಗುವುದಾದರೆ ಮರಿಯನ್ನು ನೆಲಕ್ಕೆ ಬಿಡದೆ ಮಡಿಲಲ್ಲೇ ಇಟ್ಟುಕೊಳ್ಳಿ.

ಎಲ್ಲಿ ಹಾಕಿಸಿದರೂ ಬಾಟಲಿಯನ್ನು ನೋಡಿ. ಪಾರ್ವೊ, ಡಿಸ್ಟೆಂಪರ್ ಇರುವ ಲಸಿಕೆಗೆ ಸಾಮಾನ್ಯವಾಗಿ ಎರಡು ಚಿಕ್ಕ ಬಾಟಲಿ ಇರುತ್ತವೆ. ಒಂದರ ತಳದಲ್ಲಿ ಬಿಳಿಯ ಬಿಲ್ಲೆಯಂಥ ಒಣ ಪುಡಿ. ಇನ್ನೊಂದರಲ್ಲಿ ದ್ರವ. ನಿಮ್ಮ ಕಣ್ಣೆದುರೇ ದ್ರವವನ್ನು ಪುಡಿಗೆ ಬೆರೆಸಿ, ಕರಗಿಸಿ, ಆಗಲೇ ಕೊಡಬೇಕು. ಬೆಳಿಗ್ಗೆಯೇ ಬೆರೆಸಿಟ್ಟದ್ದು ಬೇಡ. ಬಾಟಲಿಯ ಮೇಲಿನ ಸ್ಟಿಕ್ಕರನ್ನು ಬಿಡಿಸಿ ಕಾರ್ಡಿಗೆ ಅಂಟಿಸುತ್ತಾರೆ. ಅದರಲ್ಲಿ ಬ್ಯಾಚ್ ನಂಬರ್, ಅವಧಿ ಇರುತ್ತದೆ. ಪಕ್ಕದಲ್ಲಿ ತಾರೀಖು, ಡಾಕ್ಟರ ಸಹಿ, ಮುಂದಿನ ತಾರೀಖು. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಕೇಳಿ ಬರೆಸಿಕೊಳ್ಳಿ. ಮರಿ ಕೊಂಡು ತರುವಾಗಲೂ ಕಾರ್ಡನ್ನು ಹೀಗೇ ಓದಿ.

ನೀವೇ ಲಸಿಕೆ ತಂದು ಮನೆಯಲ್ಲಿ ಚುಚ್ಚುವುದನ್ನು ಮಾತ್ರ ಮಾಡಬೇಡಿ. ಕೆಲವು ಮರಿಗಳಿಗೆ ಲಸಿಕೆ ಆದ ಸ್ವಲ್ಪ ಹೊತ್ತಿಗೇ ಮುಖ ಊದುತ್ತದೆ, ವಾಂತಿ ಆಗುತ್ತದೆ, ಒಸಡು ಬಿಳಿಚುತ್ತದೆ. ಅಪರೂಪ, ಆದರೆ ಆದಾಗ ಕೈಯಲ್ಲಿ ಔಷಧಿ ಇರುವ ಡಾಕ್ಟರು ಎದುರಿಗಿರಬೇಕು. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಒಂದು ದಿನ ಮಂಕಾಗಿದ್ದು, ಸ್ವಲ್ಪ ಮೈ ಬಿಸಿಯಾದರೆ ಹೆದರಬೇಡಿ. ಜ್ವರ, ಭೇದಿ ಇರುವ ಮರಿಗೆ ಲಸಿಕೆ ಹಾಕಿಸಬೇಡಿ, ಗುಣವಾದ ಮೇಲೆ ಹೋಗಿ.

ಮನೆಯಲ್ಲೇ ಇಡುವುದೋ, ಹೊರಗೆ ಕರೆದೊಯ್ಯುವುದೋ

16 ವಾರದವರೆಗೆ ಹೊರಗೇ ಬಿಡಬೇಡಿ ಎಂದರೆ ಇನ್ನೊಂದು ನಷ್ಟವಾಗುತ್ತದೆ. ಮರಿ ಲೋಕಕ್ಕೆ ಹೊಂದಿಕೊಳ್ಳುವುದು ಸುಮಾರು 3ರಿಂದ 14 ವಾರದೊಳಗೆ. ಆಗ ಹಾರ್ನ್, ಮಕ್ಕಳು, ಹೆಲ್ಮೆಟ್ ಹಾಕಿದವರು, ಮಿಕ್ಸಿ ಸದ್ದು ಯಾವುದನ್ನೂ ಕಾಣದ ಮರಿ ದೊಡ್ಡದಾದ ಮೇಲೆ ಎಲ್ಲಕ್ಕೂ ಬೆದರುತ್ತದೆ. ಬೆದರಿದ ನಾಯಿ ಕಚ್ಚುತ್ತದೆ. ನಡುವಿನ ದಾರಿ, ಎತ್ತಿಕೊಂಡು ತೋರಿಸುವುದು. ಸಂತೆ, ಬಸ್ ಸ್ಟ್ಯಾಂಡ್, ದೇವಸ್ಥಾನದ ರಸ್ತೆ ಎಲ್ಲ ಕಡೆ ತೋಳಲ್ಲಿ ಇಟ್ಟುಕೊಂಡು ಹೋಗಬಹುದು. ಲಸಿಕೆ ಪೂರ್ತಿ ಆದ, ಆರೋಗ್ಯವಾದ ನೆಂಟರ ಮನೆಯ ನಾಯಿ ಜೊತೆ ಆಡಬಹುದು. ಬೀದಿಯ ನೆಲ, ಪಾರ್ಕಿನ ಹುಲ್ಲು ಮಾತ್ರ ಬೇಡ. ಪಾರ್ವೊ ಚಪ್ಪಲಿಯಲ್ಲೂ ಬರುತ್ತದೆ, ಅದನ್ನು ಹೊರಗೇ ಬಿಡಿ.

ಲಸಿಕೆಗೆ ಸಿಗದ ಕಾಯಿಲೆಗಳು

ಜಂತುಹುಳು ತಾಯಿಯ ಹೊಟ್ಟೆಯಿಂದ, ಹಾಲಿನಿಂದಲೇ ಮರಿಗೆ ಬರುತ್ತದೆ. 2 ವಾರದ ಮರಿಯಿಂದ ಶುರು ಮಾಡಿ, 8 ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧಿ. ಚಿಕ್ಕ ಮರಿಗೆ ಮಾತ್ರೆಗಿಂತ ಸಿರಪ್ ಸುಲಭ. ಮೊದಲು ತೂಕ ನೋಡಿ. ಅಡುಗೆಮನೆಯ ತಕ್ಕಡಿಯಲ್ಲಿ ಪಾತ್ರೆ ಇಟ್ಟು ಕೂರಿಸಿದರೆ ಸಾಕು.

ಉಣ್ಣೆ ಜ್ವರಕ್ಕೆ ನಮ್ಮಲ್ಲಿ ಲಸಿಕೆ ಇಲ್ಲ. ಊಟ ಬಿಡುವುದು, ಜ್ವರ, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ಇವು ಲಕ್ಷಣ. ಉಣ್ಣೆಯನ್ನೇ ತಡೆಯಬೇಕು. ಮೂರು ದಾರಿ ಇವೆ. ಅಗಿಯುವ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಸ್ನಾನ ಮಾಡಿಸಿದರೂ ತೊಂದರೆಯಿಲ್ಲ. ಸಾಮಾನ್ಯವಾಗಿ 8 ವಾರ ತುಂಬಿ, ಮಾತ್ರೆಗೆ ಹೇಳಿದಷ್ಟು ತೂಕ ಬಂದಿರಬೇಕು. ಫಿಟ್ಸ್ ಬರುವ ಮರಿಗೆ ಡಾಕ್ಟರನ್ನು ಕೇಳದೆ ಕೊಡಬಾರದು. ಬೆನ್ನಿಗೆ ಬಿಡುವ ಹನಿ ಅಗ್ಗ, ಆದರೆ ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಇನ್ನೂ ಎಳೆಯ ಮರಿಗೆ ಫಿಪ್ರೊನಿಲ್ ಸ್ಪ್ರೇ, ಅದೂ ಡಾಕ್ಟರು ಹೇಳಿದಷ್ಟೇ. ಮಳೆ ಜಾಸ್ತಿ ಇರುವ ಊರಿನವರಿಗೆ ನಾನು ಮಾತ್ರೆಯನ್ನೇ ಹೇಳುತ್ತೇನೆ.

ಹಳ್ಳಿ ಕಡೆ ದನದ ಉಣ್ಣೆಗೆ ತಂದ ಔಷಧಿಯನ್ನೇ ನೀರಿಗೆ ಹಾಕಿ ಮರಿಗೂ ಸುರಿಯುತ್ತಾರೆ. ದಯವಿಟ್ಟು ಬೇಡ. ಮರಿ ಮೈ ನೆಕ್ಕಿಕೊಂಡು ನಡುಗಿ ಬೀಳುತ್ತದೆ. ನಾಯಿಯ ಮೈಗಷ್ಟೇ ಔಷಧಿ ಹಾಕಿದರೂ ಸಾಲದು. ಈ ಕಂದು ಉಣ್ಣೆ ಗೋಡೆ ಹತ್ತಿ ಬಿರುಕಲ್ಲಿ ಮೊಟ್ಟೆಯಿಡುತ್ತದೆ. ಟಾರ್ಚ್ ಹಿಡಿದು ಕಿಟಕಿ ಚೌಕಟ್ಟಿನ ಸಂದು, ಮರಿ ಮಲಗುವ ಗೋಣಿಯ ಅಂಚು ನೋಡಿ.

ನಾಟಿ ನಾಯಿಗೆ ಇದೆಲ್ಲ ಬೇಡ, ಅದು ಗಟ್ಟಿ ಎನ್ನುವ ಮಾತು ಕೇಳಿರುತ್ತೀರಿ. ಕರಿಯ ನಾಟಿಯೇ. ಬೀದಿಯಲ್ಲಿ ಬದುಕಿ ಉಳಿದವನ್ನು ಮಾತ್ರ ನಾವು ನೋಡುತ್ತೇವೆ.

ಬೀದಿಯಿಂದ ತಂದ ಮರಿಯ ವಯಸ್ಸು ಗೊತ್ತಿಲ್ಲದಿದ್ದರೆ ಹಲ್ಲು ನೋಡಿ. ಮುಂದಿನ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತಿದ್ದರೆ ನಾಲ್ಕು ತಿಂಗಳ ಆಸುಪಾಸು. ಅಂಥ ಮರಿಗೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಸಾಕು.

ಪಾರ್ವೊ ಬಂದ ಮನೆಗೆ ಹೊಸ ಮರಿ

ಫಿನಾಯಿಲ್ ಹಾಕಿ ಒರೆಸಿದರೆ ಪಾರ್ವೊ ಹೋಗುವುದಿಲ್ಲ. ಮೊದಲು ಸೋಪಿನಿಂದ ಕೊಳೆ ಎಲ್ಲ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರವಕ್ಕೆ 30 ಪಾಲು ನೀರು ಬೆರೆಸಿ ನೆಲಕ್ಕೆ ಹಾಕಿ 10 ನಿಮಿಷ ಬಿಡಬೇಕು. ನಮ್ಮ ಜಗಲಿಗೆ ಹಾಗೇ ಮಾಡಿದೆವು. ಕರಿಯ ಮಲಗುತ್ತಿದ್ದ ಗೋಣಿಯನ್ನು ಸುಟ್ಟೆವು. ಮಣ್ಣಿನ ಅಂಗಳಕ್ಕೆ ಬ್ಲೀಚ್ ಹಿಡಿಯುವುದಿಲ್ಲ. ಮಣ್ಣಿನಲ್ಲಿ ಈ ವೈರಸ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಇರುತ್ತದೆ. ಹಾಗಾಗಿ ಒಂದು ವರ್ಷ ಬೇರೆ ಮರಿ ತರಲಿಲ್ಲ.

ಆಮೇಲೆ ಚಿನ್ನಿ ಬಂದಳು. 8 ವಾರಕ್ಕೆ ಒಂದು, 12 ವಾರಕ್ಕೆ ರೇಬೀಸ್ ಜೊತೆ ಇನ್ನೊಂದು. 112ನೇ ದಿನ, ಅಂದರೆ 16 ವಾರ ತುಂಬುವ ದಿನ, ಭಾನುವಾರ ಬಿತ್ತು. ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅವಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಡಾಕ್ಟರು ಸ್ಟಿಕ್ಕರ್ ಅಂಟಿಸಿ ಸಹಿ ಹಾಕಿದರು. ಪೆನ್ನು ಕೆಳಗಿಡುವ ಮೊದಲೇ ನಾನು ಕೇಳಿದೆ. ಅವರು ಗೋಡೆಯ ಕ್ಯಾಲೆಂಡರ್ ತಿರುವಿ, ವಾರ ಎಣಿಸಿ, ಕೊನೆಯ ಖಾಲಿ ಜಾಗದಲ್ಲಿ 26ನೇ ವಾರದ ತಾರೀಖು ಬರೆದುಕೊಟ್ಟರು.